ಕ್ಯಾಮರಾ ಕಣ್ಣು: ಲೆನ್ಸೇ ಇಲ್ಲದ ಕ್ಯಾಮರಾ!

ಚಿತ್ರರಸಿಕ ಮಿತ್ರರೇ, ಈ ವಾರ ತಾರೆಯರ ಸುದ್ದಿ ಇಲ್ಲ. ಮುಹೂರ್ತದ ಸುದ್ದಿಯೂ ಇಲ್ಲ. ಮುನಿಸಿಕೊಂಡು ಪುಟ ತಿರುಗಿಸಬೇಡಿ. ಹೀರೋ ಇದ್ದಾನೆ, ವಿಲನ್ ಇದ್ದಾನೆ, ಹೊಡೆದಾಟವಂತೂ ಒಂದು ಕ್ಷಣವೂ ನಿಲ್ಲುವುದಿಲ್ಲ. ಇಲ್ಲದಿರುವುದು ಕ್ಯಾಮರಾ ಒಂದೇ!

ಕಳೆದ ತಿಂಗಳು ಬಂದ ಕಾಗದಗಳ ಕಂತೆಯಲ್ಲಿ ಬೈಂದೂರು ಕಡೆಯ ಹುಡುಗನೊಬ್ಬನ ಕಾಗದವಿತ್ತು. ಮೂರೇ ಸಾಲು: "ಸರ್, ನಾನೂ ಒಬ್ಬ ಕ್ಯಾಮರಾಮನ್. ನನ್ನ ಹತ್ತಿರ ಕ್ಯಾಮರಾ ಇಲ್ಲ. ನನ್ನ ಹೀರೋನ ಎತ್ತರ ಐದು ನ್ಯಾನೋಮೀಟರ್." ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್. ಅಂಥ ಐದು ಪಾಲಿನ ಹೀರೋ! ಯಾರೋ ಚೇಷ್ಟೆ ಮಾಡುತ್ತಿದ್ದಾರೆ ಅಂತ ಕಾಗದವನ್ನು ಪಕ್ಕಕ್ಕಿಟ್ಟೆ. ಎರಡು ದಿನ ಬಿಟ್ಟು ಮತ್ತೆ ಕೈಗೆತ್ತಿಕೊಂಡೆ. ಕೊನೆಗೆ ಊರ ಕಡೆ ಹೋದಾಗ ಕುಂದಾಪುರದ ಶಾಸ್ತ್ರಿ ಸರ್ಕಲ್ ಹತ್ತಿರದ ಒಂದು ಹೋಟೆಲಿಗೆ ಅವನನ್ನೇ ಬರಹೇಳಿದೆ.

ಬಂದ. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಹೆಗಲ ಮೇಲೆ ಕಂಪ್ಯೂಟರ್ ಚೀಲ. ಪಿ.ಯು.ಸಿ. ಮುಗಿದಾಗ ಛಾಯಾಗ್ರಹಣ ಕಲಿಯಬೇಕು ಅಂತ ಹಟ ಹಿಡಿದಿದ್ದನಂತೆ. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿದ ವಿ.ಕೆ. ಮೂರ್ತಿಯವರ ಬಗ್ಗೆ ಎಲ್ಲೋ ಓದಿ ತಲೆ ಕೆಡಿಸಿಕೊಂಡಿದ್ದ. ಮನೆಯಲ್ಲಿ ಅಪ್ಪಯ್ಯ, "ಸಿನಿಮಾ ಗಿನಿಮಾ ಎಲ್ಲ ಬ್ಯಾಡ" ಅಂದರು. ಮುಗಿಯಿತು. ಕೆಮಿಸ್ಟ್ರಿ ಹಿಡಿದು ಬಿ.ಎಸ್ಸಿ., ಆಮೇಲೆ ಎಂ.ಎಸ್ಸಿ. ಈಗ ಬೆಂಗಳೂರಿನಲ್ಲಿ ಕೆಲಸ. ಔಷಧಿಯ ಅಣು ನಮ್ಮ ದೇಹದ ಪ್ರೋಟೀನಿಗೆ ಹೇಗೆ ಕಚ್ಚಿಕೊಳ್ಳುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು, ಬಂದ ಲೆಕ್ಕವನ್ನು ಸಿನಿಮಾ ಮಾಡಿ ದೊಡ್ಡವರಿಗೆ ತೋರಿಸುವುದು.

"ಕಾಣಿ ಮಾರಾಯ್ರೆ, ಅಪ್ಪಯ್ಯ ಬ್ಯಾಡ ಅಂದದ್ದೇ ಕೆಲ್ಸ ಆಯ್ತ್!" ಅಂತ ನಕ್ಕ.

ಗೋಳಿಬಜೆ ಬಂತು, ಚಾ ಬಂತು. ಕಂಪ್ಯೂಟರ್ ತೆರೆದ. ಕಪ್ಪು ಪರದೆಯ ಮೇಲೆ ಬಣ್ಣಬಣ್ಣದ ರಿಬ್ಬನ್ನಿನ ಗಂಟು, ಅದರ ಒಂದು ಗೂಡಿನೊಳಗೆ ಪುಟ್ಟ ಹಳದಿ ತುಣುಕು. ಎಲ್ಲವೂ ಉಸಿರಾಡಿದ ಹಾಗೆ ಮಿಸುಕಾಡುತ್ತಿದೆ. ಅರ್ಧ ನಿಮಿಷಕ್ಕೆ ಮುಗಿಯಿತು. ಇನ್ನೊಂದು ಹಾಕಿದ. ಅದೇ ದೃಶ್ಯ, ಸ್ವಲ್ಪ ಉದ್ದ. ಆಮೇಲೆ ನನ್ನ ಮುಖ ನೋಡಿ ಕೇಳಿದ: "ಸರ್, ಇದ್ರಗೆ ಯಾವ್ದ್ ತೋರ್ಸುದ್, ಹೇಳಿ ಕಾಂಬ?"

ಅವನ ಪ್ರಶ್ನೆಗೆ ಆಮೇಲೆ ಬರೋಣ. ಮೊದಲು ಈ ಸಿನಿಮಾ ತಯಾರಾಗುವುದು ಹೇಗೆ ಅಂತ ತಿಳಿಯಬೇಕು. ನನಗೂ ಅವತ್ತು ಅರ್ಥವಾಗಿರಲಿಲ್ಲ, ಮೂರು ಚಾ ಬೇಕಾಯಿತು.

★ ★ ★

ಅಣುವನ್ನು ಕ್ಯಾಮರಾದಲ್ಲಿ ಹಿಡಿಯಲು ಆಗುವುದಿಲ್ಲ ಸ್ವಾಮಿ. ನಾವು ಕಾಣುವ ಬೆಳಕಿನ ಅಲೆಯೇ 400ರಿಂದ 700 ನ್ಯಾನೋಮೀಟರ್ ಉದ್ದ. ಐದು ನ್ಯಾನೋಮೀಟರಿನ ಆಸಾಮಿಯ ಮೇಲೆ ಅಂಥ ಬೆಳಕು ಬಿಡುವುದೆಂದರೆ ಮೀನು ಹಿಡಿಯುವ ಬಲೆಯಲ್ಲಿ ಸಾಸಿವೆ ಸೋಸಿದ ಹಾಗೆ. ಬಣ್ಣವಂತೂ ಇಲ್ಲವೇ ಇಲ್ಲ. ಆಮ್ಲಜನಕ ಕೆಂಪು, ಸಾರಜನಕ ನೀಲಿ, ಜಲಜನಕ ಬಿಳಿ, ಗಂಧಕ ಹಳದಿ ಅಂತ ತೋರಿಸುವುದು ನಾವೇ ಮಾಡಿಕೊಂಡ ರೂಢಿ. ಯಕ್ಷಗಾನದಲ್ಲಿ ಮುಖವರ್ಣಿಕೆ ನೋಡಿದ ಕೂಡಲೆ ಇವನು ರಾಕ್ಷಸ, ಇವನು ರಾಜ ಅಂತ ಗೊತ್ತಾಗುವುದಿಲ್ಲವೇ, ಹಾಗೆ.

ಹಾಗಾದರೆ ಕಾಣುವುದು ಏನು? ಲೆಕ್ಕ. ಪ್ರತಿ ಪರಮಾಣುವಿನ ಮೇಲೆ ಅಕ್ಕಪಕ್ಕದವರು ಎಷ್ಟು ಜಗ್ಗುತ್ತಾರೆ, ಎಷ್ಟು ತಳ್ಳುತ್ತಾರೆ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಅದರ ಪ್ರಕಾರ ಎಲ್ಲರನ್ನೂ ಒಂದು ಕೂದಲೆಳೆ ಸರಿಸುತ್ತದೆ. ಮತ್ತೆ ಲೆಕ್ಕ, ಮತ್ತೆ ಸರಿಸುವುದು. ಸಾಮಾನ್ಯವಾಗಿ ಒಂದು ಹೆಜ್ಜೆಗೆ ಎರಡು ಫೆಮ್ಟೋಸೆಕೆಂಡ್. ಒಂದು ಸೆಕೆಂಡನ್ನು ಕೋಟಿ ಪಾಲು ಮಾಡಿ, ಆ ಒಂದು ಪಾಲನ್ನು ಮತ್ತೆ ಹತ್ತು ಕೋಟಿ ಪಾಲು ಮಾಡಿದರೆ ಒಂದು ಫೆಮ್ಟೋಸೆಕೆಂಡ್!

ಇದನ್ನು ಮೊದಲು ಸಮರ್ಥವಾಗಿ ಮಾಡಿ ತೋರಿಸಿದವರಲ್ಲಿ ನಮ್ಮ ನೆರೆಯ ಹೈದರಾಬಾದಿನವರೊಬ್ಬರಿದ್ದಾರೆ, ಅನೀಸುರ್ ರಹಮಾನ್. 1964ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಆರ್ಗಾನ್ ಅನಿಲದ ದ್ರವರೂಪವನ್ನೇ (ಹೆಸರಿನ ತಮಾಷೆ ನೋಡಿ!) 864 ಪರಮಾಣುಗಳಿಟ್ಟು ಲೆಕ್ಕ ಹಾಕಿದರು. ಪ್ರೋಟೀನಿನ ಸರದಿ ಬಂದದ್ದು 1977ರಲ್ಲಿ. ಆ ವರ್ಷ ನಮ್ಮಲ್ಲಿ 'ಬಭ್ರುವಾಹನ' ಬಂತು, ಅಣ್ಣಾವ್ರು ಅರ್ಜುನನಾಗಿಯೂ ಮಗನಾಗಿಯೂ ಎದುರುಬದುರು ನಿಂತರು, ಟಾಕೀಸಿನ ಸೂರು ಹಾರಿಹೋಗುವಷ್ಟು ಶಿಳ್ಳೆ. ಅದೇ ವರ್ಷ ಅತ್ತ ಮೆಕ್‌ಕ್ಯಾಮನ್, ಗೆಲಿನ್, ಕಾರ್ಪ್ಲಸ್ ಎಂಬ ಮೂವರು 58 ಅಮೈನೋ ಆಮ್ಲಗಳ ಒಂದು ಪುಟ್ಟ ಪ್ರೋಟೀನನ್ನು ಹತ್ತು ಪಿಕೋಸೆಕೆಂಡಿಗಿಂತಲೂ ಕಡಿಮೆ ಕಾಲ ಕುಣಿಸಿದರು. ಆ ಕುಣಿತಕ್ಕೆ ಶಿಳ್ಳೆ ಬೀಳಲು ತಡವಾಯಿತು. ಕಾರ್ಪ್ಲಸ್, ಲೆವಿಟ್, ವಾರ್ಶೆಲ್ ಅವರಿಗೆ ನೊಬೆಲ್ ಬಂದದ್ದು 2013ರಲ್ಲಿ.

ನಮ್ಮ ಬೆಂಗಳೂರೂ ಹಿಂದೆ ಬಿದ್ದಿಲ್ಲ. ಪ್ರೋಟೀನಿನ ಬೆನ್ನೆಲುಬು ಯಾವ ಕೋನದಲ್ಲಿ ಬಾಗಬಹುದು, ಯಾವುದರಲ್ಲಿ ಬಾಗಲೇಬಾರದು ಅಂತ 1963ರಲ್ಲಿ ನಕ್ಷೆ ಬರೆದ ಜಿ.ಎನ್. ರಾಮಚಂದ್ರನ್ ಆಮೇಲೆ ಮದರಾಸು ಬಿಟ್ಟು ಬಂದು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಇವತ್ತಿಗೂ ಯಾವ ದೇಶದ ಹುಡುಗ ಪ್ರೋಟೀನಿನ ಮಾದರಿ ಮಾಡಿದರೂ ಅದನ್ನು ರಾಮಚಂದ್ರನ್ ನಕ್ಷೆಯ ಮೇಲಿಟ್ಟು ಸರಿಯೋ ತಪ್ಪೋ ನೋಡುತ್ತಾನೆ. ಸೆನ್ಸಾರ್ ಸರ್ಟಿಫಿಕೇಟ್ ಅನ್ನಿ ಬೇಕಾದರೆ. ಅದೇ ಇನ್‌ಸ್ಟಿಟ್ಯೂಟಿನಲ್ಲಿ 2022ರಲ್ಲಿ ಪರಮ್ ಪ್ರವೇಗ ಎಂಬ ಸೂಪರ್ ಕಂಪ್ಯೂಟರ್ ಬಂತು. ಈ ಬಗೆಯ ಲೆಕ್ಕಗಳಿಗೆ ಅಂಥದ್ದೇ ಬೇಕು.

★ ★ ★

ಉಪ್ಪಿನಕುದ್ರಿನ ಗೊಂಬೆಯಾಟ ನೋಡಿದವರು ಕೈ ಎತ್ತಿ! ಕೊಗ್ಗ ಕಾಮತರು ಆಡಿಸುತ್ತಿದ್ದ ಯಕ್ಷಗಾನದ ಸೂತ್ರದ ಗೊಂಬೆಗಳು. ಗೊಂಬೆ ಕುಣಿಯುತ್ತದೆ, ಕಣ್ಣಿಗೆ ನೀರು ತರಿಸುತ್ತದೆ. ಆದರೆ ಯಾವಾಗ ಕುಣಿಯಬೇಕು, ಯಾವಾಗ ನಿಲ್ಲಬೇಕು ಅನ್ನುವುದೆಲ್ಲ ಮೇಲಿನ ಬೆರಳುಗಳಿಗೆ ಗೊತ್ತು. ಕಾರ್ಟೂನ್ ಸಿನಿಮಾವೂ ಹಾಗೇ, ನಾವು ನೀವು ನೋಡುವ ಫೈಟಿಂಗೂ ಹಾಗೇ. ಏಟು ಎಲ್ಲಿ ಬೀಳಬೇಕು ಅಂತ ಫೈಟ್ ಮಾಸ್ಟರಿಗೆ ಮೊದಲೇ ಗೊತ್ತು.

ಈ ಹುಡುಗನ ಅಣುವಿಗೆ ಸೂತ್ರ ಹಿಡಿದವರಿಲ್ಲ. ಶುರುವಿನಲ್ಲಿ ಎಲ್ಲರನ್ನೂ ಅವರವರ ಜಾಗದಲ್ಲಿ ನಿಲ್ಲಿಸಿ ಶಾಖ ಕೊಟ್ಟು ಬಿಟ್ಟುಬಿಡುವುದು. ಆಮೇಲೆ ಆದದ್ದು ಆಯಿತು. ಹೊಳೆಯ ಮೇಲೆ ಸೂರ್ಯಾಸ್ತದ ಶಾಟ್ ತೆಗೆದ ಹಾಗೆ ಅದು. ಮೋಡ ಬಂದರೆ ಬಂತು, ಡೈರೆಕ್ಟರು ಕೂಗಿಕೊಂಡು ಪ್ರಯೋಜನವಿಲ್ಲ.

ಆದರೆ ನೋಡಿ, ನಟ ಮಾತು ಕೇಳುವುದಿಲ್ಲ ಅಂತಾದರೂ ಕ್ಯಾಮರಾ ಮಾತ್ರ ಎಲ್ಲ ಮಾತೂ ಕೇಳುತ್ತದೆ! ಲೆನ್ಸ್ ಇಲ್ಲ, ಟ್ರಾಲಿ ಇಲ್ಲ, ಕ್ರೇನಿಗೆ ಬಾಡಿಗೆ ಇಲ್ಲ. ಅಣುವಿನ ಹೊಟ್ಟೆಯೊಳಗೆ ನುಗ್ಗಬಹುದು, ಬೆನ್ನಿಂದ ಹೊರಬರಬಹುದು. ನಡೆದ ಘಟನೆಯ ಸುತ್ತ ಮತ್ತೆ ಮತ್ತೆ ಸುತ್ತಬಹುದು. ವಿ.ಎಂ.ಡಿ. ಅಂತ ಇಲಿನಾಯ್ ವಿಶ್ವವಿದ್ಯಾಲಯದವರ ಒಂದು ಪ್ರೋಗ್ರಾಂ ಇದೆ, ಪೈಮಾಲ್ ಅಂತ ಇನ್ನೊಂದು. ಈ ಹುಡುಗ ಕೂತಲ್ಲೇ ಅದರಲ್ಲಿ ಇವನ್ನೆಲ್ಲ ಮಾಡುತ್ತಾನೆ. ಅಂಥ ಸ್ವಾತಂತ್ರ್ಯ ಸಿಕ್ಕಿದರೆ ನಮ್ಮ ಗಾಂಧಿನಗರದ ಎಷ್ಟು ಛಾಯಾಗ್ರಾಹಕರು ನೆಟ್ಟಗೆ ಇರುತ್ತಾರೆ ಹೇಳಿ? ನಾನಂತೂ ಇರುತ್ತಿರಲಿಲ್ಲ.

★ ★ ★

ಕುಂದಾಪುರದಿಂದ ಬೈಂದೂರಿಗೆ ಹೋಗುವಾಗ ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ. ಬಸ್ಸಿನ ಬಲಗಡೆ ಕಿಟಕಿಯಲ್ಲಿ ಕೂತು ನೋಡಿ. ರಸ್ತೆ ಬದಿಯ ಕಂಬ ಬಾಣದಂತೆ ಹಿಂದಕ್ಕೆ ಓಡುತ್ತದೆ. ಹೊಳೆಯಾಚೆಯ ತೆಂಗಿನ ತೋಟ ನಿಧಾನವಾಗಿ ಸರಿಯುತ್ತದೆ. ದೂರದ ಘಟ್ಟದ ಸಾಲು ಬಸ್ಸಿನ ಜೊತೆಗೇ ಬರುತ್ತದೆ. ಒಂದು ಕಣ್ಣು ಮುಚ್ಚಿಕೊಂಡರೂ ಯಾವುದು ಹತ್ತಿರ ಯಾವುದು ದೂರ ಅಂತ ಗೊತ್ತಾಗುತ್ತದೆ. ಹುಡುಗ ಹೇಳಿದ ಮೊದಲ ಟ್ರಿಕ್ಕು ಇದೇ. ಕ್ಯಾಮರಾವನ್ನು ಎಡಕ್ಕೆ ಎಂಟು ಹತ್ತು ಡಿಗ್ರಿ, ಬಲಕ್ಕೆ ಎಂಟು ಹತ್ತು ಡಿಗ್ರಿ ತೊಟ್ಟಿಲು ತೂಗಿದ ಹಾಗೆ ತೂಗಿದರೆ ಸಾಕು, ಚಪ್ಪಟೆ ಚಿತ್ರಕ್ಕೆ ಆಳ ಬರುತ್ತದೆ. ತ್ರೀ-ಡಿ ಕನ್ನಡಕ ಬೇಡ.

ಎರಡನೆಯದು ಮಂಜು. ಮಳೆಗಾಲದ ಬೆಳಿಗ್ಗೆ ಕೊಲ್ಲೂರು ದಾರಿಯಲ್ಲಿ ಎದುರಿನ ಮರ ಅಚ್ಚ ಹಸಿರು, ಹಿಂದಿನದು ಮಾಸಲು, ಕೊಡಚಾದ್ರಿ ಬರೀ ನೆರಳು. ಅಣುವಿನಲ್ಲೂ ಹಿಂಬದಿಯ ಪರಮಾಣುಗಳನ್ನು ಹೀಗೆ ಮಬ್ಬು ಮಾಡಿಬಿಡುತ್ತಾರೆ. ಸಂದುಗೊಂದುಗಳಿಗೆ ನೆರಳು ತುಂಬುತ್ತಾರೆ, ಔಷಧಿ ಕೂರುವ ಗೂಡು ಬಾವಿಯಂತೆ ಕಾಣುತ್ತದೆ. ಬೆಳಕೆಲ್ಲ ಸಮನಾಗಿ ಬಿದ್ದರೆ ಏನೂ ಕಾಣುವುದಿಲ್ಲ ಅಂತ ಮೈಸೂರಿನ ನಮ್ಮ ವಿ.ಕೆ. ಮೂರ್ತಿಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 'ಕಾಗಜ್ ಕೆ ಫೂಲ್' (1959) ಚಿತ್ರದಲ್ಲಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದ ಒಳಕ್ಕೆ ತಿರುಗಿಸಿ ಬೆಳಕಿನ ಕಂಬವನ್ನೇ ನಿಲ್ಲಿಸಿದರಲ್ಲ! ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಆ ಶಾಟ್ ತಾನು ನೂರು ಸಲ ನೋಡಿದ್ದೇನೆ ಅಂದ ಹುಡುಗ. ಅವನ ಅಣುವಿನ ಗೂಡಿನಲ್ಲಿ ಆ ಬೆಳಕಿನ ವಾಸನೆ ಇತ್ತು, ಸುಳ್ಳು ಹೇಳುವುದಿಲ್ಲ.

ಮೂರನೆಯದು ನಾವು ಕಲಿಯಬೇಕಾದ ಪಾಠ. ನಟ ಓಡುವಾಗ ಕ್ಯಾಮರಾ ನಿಲ್ಲಬೇಕು, ಕ್ಯಾಮರಾ ಓಡುವಾಗ ನಟ ನಿಲ್ಲಬೇಕು. ಎರಡೂ ಒಟ್ಟಿಗೆ ಓಡಿದರೆ ಯಾರು ಓಡಿದ್ದು? ಬೈಂದೂರು ಸ್ಟೇಷನ್ನಿನಲ್ಲಿ ಪಕ್ಕದ ರೈಲು ಹೊರಟಾಗ ನಮ್ಮದೇ ಹೊರಟಿತು ಅಂತ ಬೆಚ್ಚಿ ಬೀಳುತ್ತೇವಲ್ಲ, ಹಾಗಾಗುತ್ತದೆ. ಅಣುವಿಗೆ ಒಂದು ಕಡೆ ನಿಂತು ಗೊತ್ತೇ ಇಲ್ಲ, ನೀರಿನಲ್ಲಿ ತೇಲುತ್ತ ಉರುಳುತ್ತ ಇರುತ್ತದೆ. ಅದಕ್ಕೇ ಪ್ರತಿ ಚೌಕಟ್ಟಿನಲ್ಲೂ ಪ್ರೋಟೀನಿನ ಬೆನ್ನೆಲುಬನ್ನು ಮೊದಲ ಚೌಕಟ್ಟಿನ ಬೆನ್ನೆಲುಬಿನ ಮೇಲೆ ಕೂರಿಸಿ ಹೊಂದಿಸುತ್ತಾರೆ. ಡಬಲ್ ಆಕ್ಟಿಂಗ್ ತೆಗೆಯುವಾಗ ಕ್ಯಾಮರಾವನ್ನು ಮೊಳೆ ಹೊಡೆದ ಹಾಗೆ ನಿಲ್ಲಿಸಿ ಅರ್ಧ ಲೆನ್ಸ್ ಮುಚ್ಚಿ ತೆಗೆಯುತ್ತಿದ್ದೆವು. ಕೂದಲಿನಷ್ಟು ಅಲುಗಿದರೂ ಜೋಡಣೆಯ ಗೆರೆ ಕಾಣುತ್ತಿತ್ತು. ಇಲ್ಲಿ ಕ್ಯಾಮರಾದ ಬದಲು ನಟನನ್ನೇ ಕಟ್ಟಿ ಹಾಕುವುದು. ಅಷ್ಟು ಮಾಡಿದ ಮೇಲೆ ಉಳಿದ ಅಲುಗಾಟವೇನಿದೆ, ಅದೇ ಅಸಲಿ ಅಭಿನಯ.

ಇನ್ನು ನೀರು! ಈ ಲೆಕ್ಕದಲ್ಲಿ ಪ್ರೋಟೀನನ್ನು ನೀರಿನ ಪೆಟ್ಟಿಗೆಯೊಳಗೆ ಇಟ್ಟಿರುತ್ತಾರೆ. ಸಾಮಾನ್ಯವಾಗಿ ಪರಮಾಣುಗಳಲ್ಲಿ ಬಹುಪಾಲು ನೀರಿನವೇ. ಅಷ್ಟೂ ತೋರಿಸಿದರೆ ಹೀರೋ ಕಾಣುವುದಿಲ್ಲ, ಆದ್ದರಿಂದ ನೀರನ್ನು ಅಳಿಸುತ್ತಾರೆ. ಕಡಲಿನ ಶಾಟ್ ತೆಗೆದು ಕಡಲನ್ನೇ ಒರೆಸಿ ದೋಣಿ ಮಾತ್ರ ಉಳಿಸಿದ ಹಾಗೆ! ಈ ಹುಡುಗ ಮೊದಲ ಮೂರು ಸೆಕೆಂಡು ನೀರು ತುಂಬಿದ ಪೆಟ್ಟಿಗೆ ತೋರಿಸಿ, ಆಮೇಲೆ ನಿಧಾನಕ್ಕೆ ನೀರನ್ನು ಮರೆ ಮಾಡುತ್ತಾನೆ. "ಇಲ್ಲಿ ಜನ ಇದ್ದಾರೆ, ಕಾಣದಿದ್ದರೂ ಇದ್ದಾರೆ" ಅಂತ ಮೊದಲೇ ಹೇಳಿದ ಹಾಗಾಯಿತು. ಭೇಷ್ ಅಂದೆ.

ಆ ಪೆಟ್ಟಿಗೆಯದ್ದೊಂದು ವಿಚಿತ್ರ ಇದೆ. ಎಡಗೋಡೆ ದಾಟಿ ಹೊರಬಿದ್ದ ಅಣು ಅದೇ ಕ್ಷಣ ಬಲಗೋಡೆಯಿಂದ ಒಳಗೆ ಬರುತ್ತದೆ. ಪುಟ್ಟ ಪೆಟ್ಟಿಗೆಯಲ್ಲೇ ದೊಡ್ಡ ಕಡಲನ್ನು ಲೆಕ್ಕ ಹಾಕಲು ಮಾಡಿಕೊಂಡ ಉಪಾಯ ಅದು. ಬಸ್ಸಿನ ಹಿಂಬಾಗಿಲಲ್ಲಿ ಇಳಿದವನು ಮುಂಬಾಗಿಲಲ್ಲಿ ಹತ್ತಿದ ಹಾಗೆ. ಲೆಕ್ಕಕ್ಕೆ ತೊಂದರೆಯಿಲ್ಲ, ಕಣ್ಣಿಗೆ ಘೋರ! ಅರ್ಧ ಅಣು ಈ ಗೋಡೆಯಲ್ಲಿ, ಅರ್ಧ ಆ ಗೋಡೆಯಲ್ಲಿ, ನಡುವೆ ತೆರೆಯ ಉದ್ದಕ್ಕೂ ಗೀರು. ಮೊದಲ ಸಲ ಆ ಗೀರು ಕಂಡಾಗ ತನ್ನ ಪ್ರೋಟೀನ್ ಸಿಡಿದೇ ಹೋಯಿತು ಅಂತ ಹುಡುಗನಿಗೆ ರಾತ್ರಿ ನಿದ್ದೆ ಬಂದಿರಲಿಲ್ಲವಂತೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಿದ. ನಮ್ಮ ಸಂಕಲನಕಾರರು ಅನುಕೂಲಕ್ಕೆ ಬೇಕಾದರೆ ಶಾಟನ್ನು ಎಡಬಲ ತಿರುಗಿಸಿಬಿಡುತ್ತಾರೆ. ಹೀರೋನ ಜೇಬು ಬಲಕ್ಕೆ ಹೋಗುತ್ತದೆ, ಅಷ್ಟೇ ನಷ್ಟ. ಅಣುವಿನಲ್ಲಿ ಎಡಬಲ ತಿರುಗಿತೋ, ಅದು ಬೇರೆ ಆಸಾಮಿ! ಕಾರ್ವೋನ್ ಅಂತ ಒಂದು ಅಣು ಇದೆ. ಒಂದು ಕೈಯದು ಪುದೀನ ಜಾತಿಯ ಎಲೆಯ ವಾಸನೆ, ಅದರ ಕನ್ನಡಿ ಬಿಂಬ ಶಾಜೀರಿಗೆ ವಾಸನೆ. ಡಿ.ಎನ್.ಎ. ಏಣಿ ಬಲಸುತ್ತು ಸುತ್ತಿರಬೇಕು. ಜಾಹೀರಾತುಗಳಲ್ಲಿ ಎಷ್ಟೋ ಸಲ ಎಡಸುತ್ತು ಇರುತ್ತದೆ, ಇನ್ನು ಮೇಲೆ ನೀವೇ ಪತ್ತೆ ಮಾಡಿ.

★ ★ ★

ಈಗ ಸಮಯದ ವಿಷಯ. ಹುಡುಗನ ತಲೆಬಿಸಿ ಇರುವುದೇ ಇಲ್ಲಿ.

'ನಾಗರಹಾವು' (1972) ಚಿತ್ರದಲ್ಲಿ ಪುಟ್ಟಣ್ಣನವರು ಸ್ಲೋ ಮೋಷನ್‌ನಲ್ಲಿ ಹಾಡು ತೆಗೆದಾಗ ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. ಸೆಕೆಂಡಿಗೆ 24ರ ಬದಲು 96 ಚೌಕಟ್ಟು ತೆಗೆದು 24ರಲ್ಲಿ ಓಡಿಸಿದರೆ ನಾಲ್ಕು ಪಟ್ಟು ನಿಧಾನ. ಹುಡುಗನದ್ದು? ಅವನು ಲೆಕ್ಕ ಹಾಕಿದ್ದು ಒಂದು ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅಷ್ಟಕ್ಕೇ 50 ಕೋಟಿ ಹೆಜ್ಜೆ. ಎಲ್ಲ ಹೆಜ್ಜೆ ಉಳಿಸಿಕೊಳ್ಳಲು ಜಾಗ ಸಾಲದು, 50,000 ಹೆಜ್ಜೆಗೊಂದರಂತೆ 10,000 ಚೌಕಟ್ಟು ಉಳಿಸಿದ. 24ರಲ್ಲಿ ಓಡಿಸಿದರೆ ಸುಮಾರು ಏಳು ನಿಮಿಷ. ಎಷ್ಟು ಪಟ್ಟು ಸ್ಲೋ ಮೋಷನ್ ಆಯಿತು? ನಲವತ್ತೊಂದು ಕೋಟಿ ಪಟ್ಟಿಗೂ ಹೆಚ್ಚು!

ಆದರೂ ನೋಡುವಾಗ ನಿಧಾನ ಅನ್ನಿಸುವುದಿಲ್ಲ. ಚೌಕಟ್ಟಿನಿಂದ ಚೌಕಟ್ಟಿಗೆ ಎಲ್ಲರೂ ಹುಚ್ಚು ಹಿಡಿದವರಂತೆ ಎಗರುತ್ತಾರೆ. ಯಾಕೆಂದರೆ ನಡುವಿನ 49,999 ಹೆಜ್ಜೆ ನಾವು ನೋಡಲೇ ಇಲ್ಲ. ಹಳೇ ಪಿಕ್ಚರಿನಲ್ಲಿ ಓಡುವ ಕಾರಿನ ಚಕ್ರ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತದಲ್ಲ, ಅದೇ ಕಾಯಿಲೆ. ಚಕ್ರ ಹಿಂದೆ ತಿರುಗಿರುವುದಿಲ್ಲ. ನಾವು ನೋಡಿದ ಕ್ಷಣಗಳು ಹಾಗಿದ್ದವು, ಅಷ್ಟೇ.

ಈ ಎಗರಾಟ ನೋಡಿ ದೊಡ್ಡವರಿಗೆ ತಲೆ ಸುತ್ತುತ್ತದೆ. "ಸ್ವಲ್ಪ ನುಣುಪು ಮಾಡಪ್ಪ" ಅನ್ನುತ್ತಾರೆ. ನುಣುಪು ಮಾಡುವುದೆಂದರೆ ಹಿಂದಿನ ಕೆಲವು, ಮುಂದಿನ ಕೆಲವು ಚೌಕಟ್ಟು ಸೇರಿಸಿ ಸರಾಸರಿ ತೆಗೆಯುವುದು. ಎಗರಾಟ ಹೋಗಿ ಭರತನಾಟ್ಯ ಬರುತ್ತದೆ. ಅಲ್ಲೊಂದು ಅಪಾಯ ಕಾದಿರುತ್ತದೆ. ತಿರುಗುವ ಫ್ಯಾನಿನ ಮೂರು ರೆಕ್ಕೆಗಳ ಸರಾಸರಿ ಜಾಗ ಎಲ್ಲಿ? ನಡುವಿನ ಬುರುಡೆಯಲ್ಲಿ! ಅಣುವಿನ ತುದಿಯಲ್ಲಿ ಮೂರು ಜಲಜನಕ ಫ್ಯಾನಿನಂತೆ ತಿರುಗುತ್ತಿರುತ್ತವೆ. ಸರಾಸರಿ ತೆಗೆದರೆ ಮೂರೂ ನಡುವಿನ ಗೆರೆಗೆ ಮುದುಡಿಕೊಂಡು ಒದ್ದೆ ಬಟ್ಟೆ ಹಿಂಡಿದ ಹಾಗೆ ಕಾಣುತ್ತವೆ. ಅಂಥ ಅಣು ಲೋಕದಲ್ಲಿ ಎಲ್ಲೂ ಇಲ್ಲ.

ಇದರಲ್ಲಿ ದೊಡ್ಡ ದೊಡ್ಡವರೂ ಎಡವಿದ್ದಾರೆ. 2006ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ ಎಕ್ಸ್‌ವಿವೋ ಸಂಸ್ಥೆಯವರು ಜೀವಕೋಶದ ಒಳಗಿನ ಬಾಳು ತೋರಿಸುವ ಒಂದು ಚಿತ್ರ ಮಾಡಿದರು. ಲೆಕ್ಕದ ಸಿನಿಮಾ ಅಲ್ಲ, ಕೈಯಾರೆ ಮಾಡಿದ ಗೊಂಬೆಯಾಟದ ಜಾತಿ. ಅದರಲ್ಲಿ ಕೈನೆಸಿನ್ ಎಂಬ ಪ್ರೋಟೀನ್ ತಲೆಯ ಮೇಲೆ ತನಗಿಂತ ಎಷ್ಟೋ ದೊಡ್ಡ ಚೀಲ ಹೊತ್ತು ನಡೆಯುತ್ತದೆ. ಗಂಗೊಳ್ಳಿಯ ಮೀನಿನ ಬುಟ್ಟಿ ಹೊತ್ತ ಹೆಂಗಸರ ಠೀವಿ! ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಎಷ್ಟು ಗಂಭೀರ. ಇಡೀ ಜಗತ್ತು ನೋಡಿತು, ನಾನೂ ಎರಡು ಸಲ ನೋಡಿದೆ. ಆದರೆ ನಿಜವಾದ ಕೈನೆಸಿನ್ ಹಾಗೆ ನಡೆಯುವುದಿಲ್ಲ. ಸುತ್ತಲಿನ ಅಣುಗಳ ಏಟು ತಿನ್ನುತ್ತ, ಕಾಲು ಎತ್ತೆತ್ತಲೋ ಬೀಸುತ್ತ, ಜಾತ್ರೆಯ ನೂಕುನುಗ್ಗಲಿನಲ್ಲಿ ಸಿಕ್ಕಿಕೊಂಡವನಂತೆ ಎಂಟು ನ್ಯಾನೋಮೀಟರಿಗೊಂದು ಹೆಜ್ಜೆ ಊರುತ್ತದೆ. ಚಿತ್ರದಲ್ಲಿ ಜಾತ್ರೆಯನ್ನೇ ತೆಗೆದುಹಾಕಿದ್ದರು. 2014ರಲ್ಲಿ ಅವರೇ ಇನ್ನೊಂದು ಚಿತ್ರ ಮಾಡಿ ನೂಕುನುಗ್ಗಲು, ನಡುಕ ಎಲ್ಲ ತುಂಬಿಸಿದರು. ಅದು ಮೊದಲಿನದ್ದರಷ್ಟು ಚಂದ ಇಲ್ಲ. ನನಗೆ ಅದೇ ಹೆಚ್ಚು ಹಿಡಿಸಿತು.

★ ★ ★

ಹುಡುಗನ ಎರಡು ಫಿಲಂ ಈಗ ನೋಡೋಣ.

ಏಳು ನಿಮಿಷ ಕೂತು ನೋಡುವವರು ಯಾರು? ಅರ್ಧ ನಿಮಿಷಕ್ಕೆ ಇಳಿಸು ಅಂತ ಅಪ್ಪಣೆಯಾಗಿತ್ತು. ಹದಿನಾಲ್ಕಕ್ಕೊಂದು ಚೌಕಟ್ಟು ಇಟ್ಟುಕೊಂಡ, ಮೂವತ್ತು ಸೆಕೆಂಡು ಬಂತು. ಆದರೆ 6,000ನೇ ಚೌಕಟ್ಟಿನ ಸುಮಾರಿಗೆ ಒಂದು ಘಟನೆ ನಡೆದಿದೆ. ಗೂಡಿನಲ್ಲಿ ಕೂತಿರಬೇಕಾದ ಔಷಧಿಯ ಅಣು ಅರ್ಧ ಹೊರಗೆ ಬಂದು ನೇತಾಡುತ್ತದೆ. 900 ಚೌಕಟ್ಟು ಹಾಗೇ ಇದ್ದು, ಮತ್ತೆ ಒಳಗೆ ಹೋಗಿ ಕೂರುತ್ತದೆ. ಮೂವತ್ತು ಸೆಕೆಂಡಿನ ಫಿಲಮಿನಲ್ಲಿ ಇದು ಎರಡೂಮುಕ್ಕಾಲು ಸೆಕೆಂಡು, ಹೆಚ್ಚಿಲ್ಲ.

"ಅದನ್ನು ತೆಗೆದುಬಿಡು, ನೋಡುವವರಿಗೆ ಗೊಂದಲ ಆಗುತ್ತದೆ" ಅಂದರಂತೆ ಮೇಲಿನವರು. ಅವರ ಹೆಸರು ನನಗೆ ಬೇಡ, ನಿಮಗೂ ಬೇಡ. ಹುಡುಗ ತೆಗೆದ. ಹೇಗೆ ತೆಗೆದ ನೋಡಿ! ಸರಿಯಾಗಿ ಆ ಜಾಗದಲ್ಲಿ ಕ್ಯಾಮರಾ ಪ್ರೋಟೀನಿನ ಬೆನ್ನ ಹಿಂದಕ್ಕೆ ಸುತ್ತುತ್ತದೆ, ಗೂಡು ಒಂದು ಕ್ಷಣ ಮರೆಯಾಗುತ್ತದೆ. ಮತ್ತೆ ಮುಂದೆ ಬರುವಾಗ ಔಷಧಿ ಭದ್ರವಾಗಿ ಕೂತಿದೆ. ಹಿಚ್‌ಕಾಕ್ 'ರೋಪ್' (1948) ಚಿತ್ರದಲ್ಲಿ ನಟನ ಕೋಟಿನ ಬೆನ್ನಿಗೆ ಕ್ಯಾಮರಾ ತಾಗಿಸಿ ಕಟ್ ಮುಚ್ಚಿಟ್ಟದ್ದು ಇದೇ ವಿದ್ಯೆಯಲ್ಲಿ. ನಾನು ಎರಡು ಸಲ ನೋಡಿದರೂ ಜೋಡಣೆ ಸಿಕ್ಕಿರಲಿಲ್ಲ. ಹುಡುಗ ಹೇಳಿದ ಮೇಲೆ ಸಿಕ್ಕಿತು. ಕೆಲಸದ ಅಂದಕ್ಕೆ ಸಲಾಂ ಹೊಡೆಯಲೋ, ಕಿವಿ ಹಿಂಡಲೋ ತಿಳಿಯಲಿಲ್ಲ.

ನನ್ನದೂ ಒಂದು ಕತೆ ಇದೆ. ಮದರಾಸಿನಲ್ಲಿ ಕ್ಯಾಮರಾ ಅಸಿಸ್ಟೆಂಟಾಗಿದ್ದ ಕಾಲ. ಒಂದು ಹಾಡಿನಲ್ಲಿ ನನ್ನ ಫೋಕಸ್ ಜಾರಿ ಎರಡು ಸೆಕೆಂಡು ನಾಯಕಿಯ ಮುಖ ಮಬ್ಬಾಯಿತು. ಮತ್ತೆ ತೆಗೆಯಲು ಡೇಟ್ಸ್ ಇಲ್ಲ. ಎಡಿಟಿಂಗ್ ಟೇಬಲ್ಲಿನಲ್ಲಿ ಆ ಎರಡು ಸೆಕೆಂಡು ಕತ್ತರಿಸಿ ಗಾಳಿಗೆ ತೂಗುವ ಎರಡು ಹೂವು ಹಾಕಿದರು. ಜನ ಅದಕ್ಕೂ ಚಪ್ಪಾಳೆ ಹೊಡೆದರು! ನನ್ನ ಕೆಲಸ ಉಳಿಯಿತು. ಅಲ್ಲಿ ಯಾರಿಗೂ ಮೋಸವಾಗಲಿಲ್ಲ, ಯಾಕೆಂದರೆ ಹಾಡು ಅಂದಮೇಲೆ ಎಲ್ಲವೂ ನಾವು ಕಟ್ಟಿದ್ದೇ ಅಂತ ನೋಡುವವನಿಗೂ ಗೊತ್ತು.

ಈ ಹುಡುಗನ ಫಿಲಂ ನೋಡುವವನು ಹಾಗೆ ಅಂದುಕೊಂಡು ಕೂತಿರುವುದಿಲ್ಲ. ಅವನು ಕೂತಿರುವುದು ಸಾಕ್ಷಿ ನೋಡಲು. ಔಷಧಿ ಗೂಡಿನಲ್ಲಿ ನಿಲ್ಲುತ್ತದೋ ಇಲ್ಲವೋ ಅನ್ನುವುದೇ ಪ್ರಶ್ನೆಯಾಗಿರುವಾಗ, ಅದು ಹೊರಬಂದ ಎರಡೂಮುಕ್ಕಾಲು ಸೆಕೆಂಡಿಗೆ ಹೂವು ಹಾಕಿದರೆ? ಆ ಔಷಧಿಗಾಗಿ ಮುಂದೆ ವರ್ಷಗಟ್ಟಲೆ ಕೆಲಸ ಮಾಡುವವರಿದ್ದಾರೆ, ದುಡ್ಡು ಸುರಿಯುವವರಿದ್ದಾರೆ. ಕೊನೆಗೆ ಮಾತ್ರೆ ನುಂಗುವವರೂ ಇದ್ದಾರೆ.

"ಒಂದ್ಸಲ ಮಾತ್ರ ಹಾಂಗಾದ್ದ್ ಸರ್. ಬೇರೆ ಎರಡ್ ಸಲ ಲೆಕ್ಕ ಹಾಕಿದ್ರಗೆ ಹೊರ್ಗ್ ಬರ್ಲೇ ಇಲ್ಲ," ಅಂದ. ನ್ಯಾಯವಾದ ಮಾತೇ. ಹಾಗಿದ್ದರೆ ಆ ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸು ಮಾರಾಯ ಅಂದೆ. ಮೂರು ಫಿಲಂ, ಮೂರಕ್ಕೂ ಒಂದೇ ಕೋನ, ಒಂದೇ ಬೆಳಕು, ಒಂದೇ ವೇಗ. ಮೂಲೆಯಲ್ಲಿ ಒಂದು ಗಡಿಯಾರ ಓಡಲಿ. ನುಣುಪು ಮಾಡಿದ್ದರೆ ಎಷ್ಟು ಮಾಡಿದೆ, ನೀರು ಮರೆಮಾಡಿದ್ದೇನೆ ಅಂತ ಕೆಳಗೆ ಒಂದು ಸಾಲು ಬರಲಿ. ಔಷಧಿ ಹೊರಬರುವ ಜಾಗದಲ್ಲಿ ಕ್ಯಾಮರಾ ಸುತ್ತಬಾರದು, ಕಂಬದ ಹಾಗೆ ನಿಲ್ಲಬೇಕು. ವೇಗವೂ ಅಲ್ಲಿ ಕಡಿಮೆಯಾಗಲಿ, ಗಡಿಯಾರ ನಿಧಾನವಾದದ್ದು ಕಾಣುವ ಹಾಗೆ.

ಅವನು ತೋರಿಸಿದ ಎರಡನೇ ಫಿಲಂ ಹೆಚ್ಚುಕಡಿಮೆ ಅದೇ ಆಗಿತ್ತು. ನನ್ನ ಬಾಯಿಂದ ಹೇಳಿಸಬೇಕಿತ್ತು ಅವನಿಗೆ, ಬೇರೇನಿಲ್ಲ.

ಚಾ ಲೋಟ ಬದಿಗೆ ಸರಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ, ಮನೆ ಸಾಲ ಇದೆ, ತಂಗಿ ಓದುತ್ತಿದ್ದಾಳೆ. ಹೋಟೆಲಿನಲ್ಲಿ ಕೂತು ಬುದ್ಧಿ ಹೇಳುವುದು ನನಗೇನು, ಸುಲಭ. ಬಿಲ್ಲು ನಾನೇ ಕೊಟ್ಟೆ.

ಹೊರಡುವಾಗ ಕೋಟದ ಮಾತು ಬಂತು. ಬ್ರಹ್ಮಾವರ ದಾಟಿ ಕುಂದಾಪುರಕ್ಕೆ ಬರುವಾಗ ಸಿಗುವ ಅದೇ ಕೋಟ. ಅಲ್ಲಿ ಹುಟ್ಟಿದ ಶಿವರಾಮ ಕಾರಂತರು ಮೂಕಿ ಕಾಲದಲ್ಲೇ 'ಡೊಮಿಂಗೊ' ಅಂತ ಚಿತ್ರ ಮಾಡಿದ್ದರು. ಅದೇ ಕೈಯಲ್ಲಿ ಕನ್ನಡದವರಿಗಾಗಿ 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನೂ ಬರೆದರು. ಯಕ್ಷಗಾನವಂತೂ ಇದ್ದೇ ಇತ್ತು. ಎರಡು ದೋಣಿಯ ಮೇಲೆ ಕಾಲಿಟ್ಟ ಮೊದಲಿಗ ನೀನಲ್ಲ ಕಣೋ ಅಂದೆ. "ಅವ್ರ್ ಹತ್ರ ಕ್ಯಾಮರಾ ಆದ್ರೂ ಇತ್ತ್," ಅಂದ ಕಳ್ಳ!

ಹೋದ ವಾರ ಅವನಿಂದ ಮತ್ತೊಂದು ಕಾಗದ ಬಂತು. ಉದ್ದದ ಫಿಲಮನ್ನೇ ಹಾಕಿದನಂತೆ. ಔಷಧಿ ಹೊರಬಂದ ಕೂಡಲೆ ಕೂತಿದ್ದವರಲ್ಲಿ ಒಬ್ಬರು ಕೈ ಎತ್ತಿ ನಿಲ್ಲಿಸಿದರಂತೆ, ಆ ತುಂಡನ್ನೇ ಮೂರು ಸಲ ತೋರಿಸಲು ಹೇಳಿದರಂತೆ. ಆಮೇಲೆ ಒಂದು ಗಂಟೆ ಚರ್ಚೆ. ಇನ್ನೂ ಹತ್ತು ಸಲ ಲೆಕ್ಕ ಹಾಕಲು ಹೇಳಿದ್ದಾರೆ. ಮೇಲಿನವರು ಎರಡು ದಿನ ಮಾತಾಡಿಲ್ಲ, ಮೂರನೇ ದಿನ ಚಾಕ್ಕೆ ಕರೆದರು.

ಕಾಗದದ ಕೊನೆಗೆ ಇನ್ನೊಂದು ಸುದ್ದಿ. ಊರಿಗೆ ಹೋದಾಗ ಫಿಲಮನ್ನು ಅಪ್ಪಯ್ಯನಿಗೆ ಮೊಬೈಲಿನಲ್ಲಿ ತೋರಿಸಿದನಂತೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು, ಇನ್ನೊಂದು ಸಲ ಹಾಕು ಅಂದರು. ಆಮೇಲೆ ಕೇಳಿದ ಪ್ರಶ್ನೆ ಒಂದೇ:

"ಹಳ್ದಿದ್ ಹೊರ್ಗ್ ಬಂದದ್ದ್ ಎಂತಕೆ ಮಗಾ?"

ಉತ್ತರ ಗೊತ್ತಿಲ್ಲ ಅಂತ ಬರೆದಿದ್ದಾನೆ.

(ಮುಂದಿನ ವಾರ: ಮಳೆ ಬಾರದ ದಿನ ಮಳೆ ಹಾಡು ತೆಗೆಯುವುದು ಹೇಗೆ? ಟ್ಯಾಂಕರಿನವರ ಕತೆ.)